ಹೆಸರು ಬದಲಾದರೂ ಗುರುತು ಸಿಗಬೇಕು

ಆಹಾರ ಕಂಪನಿಗಳು ತಮ್ಮ ಉತ್ಪನ್ನದ ಹೆಸರನ್ನೋ ಲೋಗೋವನ್ನೋ ಬದಲಾಯಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹೆಸರಿಗಿಂತಲೂ ಚಿತ್ರ ಮತ್ತು ಬಣ್ಣಗಳನ್ನು ಮುಟ್ಟುವಾಗ ಹೆಚ್ಚಿನ ಎಚ್ಚರ ಬೇಕೆಂಬುದು ಕಾಸರಗೋಡಿನವನಾದ ನನ್ನ ಅಭಿಪ್ರಾಯ. 1956ರಲ್ಲಿ ಕೇರಳಕ್ಕೆ ಸೇರಿದ ಈ ಗಡಿನಾಡಿನಲ್ಲಿ ಕನ್ನಡ ಶಾಲೆಯಲ್ಲಷ್ಟೇ ಓದಿದ ಹಿರಿಯರು ಇಂದಿಗೂ ಇದ್ದಾರೆ. ಪೆರ್ಲದ ಅಥವಾ ಬದಿಯಡ್ಕದ ದಿನಸಿ ಅಂಗಡಿಯಲ್ಲಿ ಪ್ಯಾಕೆಟಿನ ಮೇಲಿರುವ ಮಲಯಾಳವನ್ನಾಗಲಿ ಇಂಗ್ಲಿಷನ್ನಾಗಲಿ ಓದಲಾಗದ ಅವರು ಸಾಮಾನನ್ನು ಗುರುತಿಸುವುದು ಚಿತ್ರದಿಂದ, ಬಣ್ಣದಿಂದ.

ಈ ದೃಷ್ಟಿಯಿಂದ ಪಾರ್ಲೆ ಬಿಸ್ಕತ್ತಿನ ಕಥೆ ನನಗೆ ಮೆಚ್ಚುಗೆಯಾದದ್ದು. ಮೊದಲು ಅದು ಪಾರ್ಲೆ ಗ್ಲೂಕೋ ಆಗಿತ್ತು. ಗ್ಲೂಕೋಸ್ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲದ ಸಾಮಾನ್ಯ ಹೆಸರಾದ್ದರಿಂದ ಬೇರೆ ಕಂಪನಿಗಳೂ ಗ್ಲೂಕೋಸ್ ಬಿಸ್ಕತ್ತುಗಳನ್ನು ಮಾರುಕಟ್ಟೆಗೆ ತಂದವು. ಗಿರಾಕಿಗಳು ಕೇಳಿದ್ದೊಂದು, ಅಂಗಡಿಯವರು ಕೊಟ್ಟದ್ದು ಇನ್ನೊಂದು ಎಂಬಂತಾಯಿತು. 1980ರ ದಶಕದ ಆರಂಭದಲ್ಲಿ ಹೆಸರು ಪಾರ್ಲೆ-ಜಿ ಆಯಿತು. ಹಳದಿ ಹೊದಿಕೆಯೂ ಅದರ ಮೇಲಿನ ಮಗುವೂ ಮಾತ್ರ ಉಳಿದುಕೊಂಡ ಕಾರಣ, ಅಕ್ಷರ ಬಾರದವರಿಗೂ ಬಿಸ್ಕತ್ತು ಕೈತಪ್ಪಲಿಲ್ಲ.

ನೆಸ್ಲೆಯದು ಇದಕ್ಕೆ ವಿರುದ್ಧವಾದ ದಾರಿ: ಹೆಸರು ಹಾಗೆಯೇ ಇದೆ, ಚಿತ್ರ ತಿದ್ದಲ್ಪಡುತ್ತಲೇ ಬಂದಿದೆ. ಹೆನ್ರಿ ನೆಸ್ಲೆ 1868ರಲ್ಲಿ ತನ್ನ ಮನೆತನದ ಲಾಂಛನವನ್ನು ಆಧರಿಸಿ ಬಳಸಿದ ಹಕ್ಕಿಗೂಡಿನಲ್ಲಿ ಮೂರು ಮರಿಗಳಿದ್ದವು. 1988ರಲ್ಲಿ ಅವು ಎರಡಾದವು, ತಾಯಿಯ ಕೊಕ್ಕಿನಲ್ಲಿದ್ದ ಹುಳುವೂ ಮಾಯವಾಯಿತು. ಇಬ್ಬರು ಮಕ್ಕಳ ಆಧುನಿಕ ಕುಟುಂಬಕ್ಕೆ ಹೊಂದಲೆಂದು ಹೀಗೆ ಮಾಡಿದರಂತೆ. (ಕುಟುಂಬ ಯೋಜನೆ ಹಕ್ಕಿಗಳನ್ನೂ ಬಿಡಲಿಲ್ಲ!) ಆದರೂ ಗೂಡು ಗೂಡಾಗಿಯೇ ಉಳಿದಿರುವುದರಿಂದ ನನಗೆ ಅದು ಒಪ್ಪಿಗೆಯೇ.

ಚಿತ್ರವನ್ನೇ ತೆಗೆದುಹಾಕಬೇಕಾದ ಸಂದರ್ಭಗಳೂ ಇವೆ. ಕಪ್ಪು ಜನಾಂಗದ ಹೆಂಗಸನ್ನು ಅಡುಗೆಯಾಳಿನ ಅಚ್ಚಿನಲ್ಲಿ ತೋರಿಸುತ್ತಿದ್ದ ಅಮೆರಿಕದ ಪ್ಯಾನ್‌ಕೇಕ್ ಹಿಟ್ಟಿನ ಬ್ರಾಂಡ್ ಆಂಟ್ ಜೆಮೈಮಾ 2021ರಲ್ಲಿ ಪರ್ಲ್ ಮಿಲ್ಲಿಂಗ್ ಕಂಪನಿಯಾಯಿತು. ಅದು ಎಂದೋ ಆಗಬೇಕಿತ್ತು. ಹೆಸರೂ ಮುಖವೂ ಹೋದ ಆ ಪೊಟ್ಟಣದಲ್ಲೂ ಹಳೆಯ ಕೆಂಪು ಬಣ್ಣವನ್ನು ಉಳಿಸಿಕೊಂಡರೆಂಬುದನ್ನು ಗಮನಿಸಬೇಕು.

ನನಗೆ ಒಪ್ಪಿಗೆಯಾಗದಿರುವುದು, ಮೊಬೈಲಿನ ಪುಟ್ಟ ಪರದೆಗೆ ಹೊಂದಲೆಂದು ಚಿತ್ರವನ್ನು ಅಳಿಸಿ ಬರೀ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಉಳಿಸುವ ಈಗಿನ ಚಾಳಿ. ಪರದೆಗೆ ಬೇಕಾದರೆ ಬೇರೆಯೇ ಲೋಗೋ ಇಟ್ಟುಕೊಳ್ಳಲಿ. ಅಂಗಡಿಯ ಕಪಾಟಿಗೆ ಬರುವ ಪೊಟ್ಟಣದ ಒಂದು ಮೂಲೆಯಲ್ಲಾದರೂ ಹಳೆಯ ಚಿತ್ರವನ್ನು ಒಂದೆರಡು ವರ್ಷ ಮುದ್ರಿಸಲಿ.