‘ನಮ್ಮ ಲಿಮಿಟ್ಸ್‌ಗೆ ಬರಲ್ಲ’: ಅಪ್ಪನ ಜೊತೆ ‘ಡೆಲ್ಲಿ ಕ್ರೈಮ್’ ನೋಡಿದ ಮೇಲೆ

ಹೋದ ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಡೆಲ್ಲಿ ಕ್ರೈಮ್’ ಮೊದಲ ಸೀಸನ್ನಿನ ಮೊದಲ ಕಂತು ನೋಡಿದೆ. ನನಗೆ ಇದು ಮೂರನೇ ಸಲ, ಅಪ್ಪನಿಗೆ ಮೊದಲ ಸಲ. ಬೆಂಗಳೂರಿನಲ್ಲಿ ಪೇದೆಯಾಗಿ ಸೇರಿ, ದಫೇದಾರರಾಗಿ, ಕೊನೆಗೆ ಎಎಸ್‌ಐ ಆಗಿ ರಿಟೈರ್ ಆದವರು ಅಪ್ಪ. ಹಿಂದಿ ಚೆನ್ನಾಗಿಯೇ ಬರುತ್ತದೆ. ಶಿವಾಜಿನಗರದ ಬಂದೋಬಸ್ತಿನಲ್ಲಿ ನಿಂತು ನಿಂತು ಕಲಿತ ಹಿಂದಿ ಅದು, ಅರ್ಧ ಉರ್ದು. ಟಿವಿಯಲ್ಲಿ ಪೊಲೀಸ್ ಕಥೆ ಶುರುವಾದರೆ ಎದ್ದು ಬಾಲ್ಕನಿಗೆ ಹೋಗುವುದು ಅವರ ಅಭ್ಯಾಸ. ಇನ್‌ಸ್ಪೆಕ್ಟರ್ ಡೈಲಾಗ್ ಹೊಡೆಯುತ್ತಿರುತ್ತಾನೆ, ಹಿಂದೆ ಇಬ್ಬರು ಪೇದೆಗಳು ಲಾಠಿ ಹಿಡಿದು ಗೋಡೆಗೆ ಅಂಟಿಕೊಂಡಿರುತ್ತಾರೆ. ‘ಆ ಇಬ್ರಿಗೂ ಮನೆ ಮಠ ಇಲ್ವೇನಮ್ಮ?’ ಅಂತ ಒಮ್ಮೆ ಕೇಳಿದ್ದರು.

ಈ ಸಲ ಅಪ್ಪ ಏಳಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಚಲಿಸುವ ಬಸ್ಸಿನಲ್ಲಿ ನಡೆದ ಆ ಅತ್ಯಾಚಾರದ ತನಿಖೆಯೇ ಕಥೆ. ರಿಚಿ ಮೆಹ್ತಾ ಬರೆದು ನಿರ್ದೇಶಿಸಿದ ಏಳು ಕಂತುಗಳು 2019ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದವು. ಮರುವರ್ಷ ಅತ್ಯುತ್ತಮ ಡ್ರಾಮಾ ಸರಣಿಗೆ ಸಿಗುವ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿ ಇದಕ್ಕೆ ಬಂತು. ಭಾರತದ ಸರಣಿಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಮೊದಲ ಕಂತಿನ ದೊಡ್ಡ ತೀರ್ಮಾನವೆಂದರೆ ಕ್ಯಾಮೆರಾವನ್ನು ಆ ಬಸ್ಸಿನೊಳಗೆ ಒಯ್ಯದೇ ಇದ್ದದ್ದು. ಏನಾಯಿತು ಎಂಬುದು ನಮಗೆ ಬೇರೆಯವರ ಬಾಯಿಂದ ತಿಳಿಯುತ್ತದೆ, ಕೇಳಿಸಿಕೊಳ್ಳುವವರ ಮುಖದಿಂದ ತಿಳಿಯುತ್ತದೆ. ಡಿಸಿಪಿ ವರ್ತಿಕಾ ಚತುರ್ವೇದಿಯಾಗಿ ಶೆಫಾಲಿ ಶಾ ಆಸ್ಪತ್ರೆಗೆ ಬರುತ್ತಾರೆ. ಆ ಹುಡುಗಿಯ ಮೈಮೇಲೆ ಆಗಿರುವುದನ್ನು ವೈದ್ಯರು ಹೇಳುತ್ತಾರೆ. ಶೆಫಾಲಿ ಅಳುವುದಿಲ್ಲ, ಕೂಗುವುದಿಲ್ಲ. ಕಣ್ಣು ಮಾತ್ರ ಒಂದು ಕ್ಷಣ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆದಾಡಿ ಮತ್ತೆ ವೈದ್ಯರ ಮುಖಕ್ಕೇ ಬರುತ್ತದೆ. ಅಷ್ಟರಲ್ಲಿ ಅವಳು ಹೆಂಗಸೂ ಹೌದು, ಅಧಿಕಾರಿಯೂ ಹೌದು, ಮಗಳೊಬ್ಬಳ ತಾಯಿಯೂ ಹೌದು ಎನ್ನುವುದೆಲ್ಲ ನಮಗೆ ತಲುಪಿಬಿಡುತ್ತದೆ. ಈ ನಟಿಯನ್ನು 2005ರಲ್ಲಿ ‘ವಕ್ತ್’ ಸಿನಿಮಾದಲ್ಲಿ ಅಕ್ಷಯ್ ಕುಮಾರ್‌ಗೆ ತಾಯಿ ಮಾಡಿದ್ದರು. ಅಕ್ಷಯ್ ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರು! ನಲವತ್ತು ದಾಟಿದ ಮೇಲೆ ಒಂದು ಇಡೀ ಕಥೆ ಹೊರುವ ಪಾತ್ರ ಕೈಗೆ ಬಂದಾಗ ಏನು ಮಾಡಿ ತೋರಿಸಿದರು ನೋಡಿ. ನಮ್ಮ ಧಾರಾವಾಹಿಗಳಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲಿಸಿರುವ ರಂಗಭೂಮಿಯ ಹೆಣ್ಣುಮಕ್ಕಳನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಆದರೆ ಅಪ್ಪ ನೋಡುತ್ತಿದ್ದದ್ದು ಶೆಫಾಲಿಯನ್ನಲ್ಲ, ಅವರ ಸುತ್ತ ಇದ್ದವರನ್ನು. ‘ಇವನು ಯಾರು? ನಿಜವಾದ ಪೊಲೀಸೇನಾ?’ ಅಂತ ಭೂಪೇಂದ್ರನ ಪಾತ್ರ ಮಾಡಿದ ರಾಜೇಶ್ ತೈಲಂಗ್ ಕಡೆ ಬೆರಳು ತೋರಿಸಿ ಕೇಳಿದರು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು ಅಂದೆ. ನಂಬಲಿಲ್ಲ. ‘ಅವನು ನಿಂತ್ಕೊಳ್ಳೋದು ನೋಡು. ರಾತ್ರಿಯೆಲ್ಲ ಬೂಟಲ್ಲೇ ಇದ್ದವನು ಹಾಗೇ ನಿಂತ್ಕೊಳ್ಳೋದು, ಭಾರ ಒಂದು ಕಾಲ್ಮೇಲೆ.’ ಮುಂದಿನ ಕಂತುಗಳಲ್ಲಿ ಈ ಭೂಪೇಂದ್ರ ತನಿಖೆಯ ನಡುವೆಯೇ ಮಗಳಿಗೆ ಗಂಡು ಹುಡುಕುತ್ತಿರುತ್ತಾನೆ. ಅಪ್ಪನಿಗೆ ಅದನ್ನು ಹೇಳಲಿಲ್ಲ. ನನ್ನ ಮದುವೆ ಮಾತುಕತೆಗೂ ಅಪ್ಪ ಗಣೇಶನ ವಿಸರ್ಜನೆ ಡ್ಯೂಟಿಯಿಂದ ಯೂನಿಫಾರ್ಮಿನಲ್ಲೇ ಬಂದಿದ್ದರು.

ವಿಮಲಾ ಆಗಿರುವ ಜಯಾ ಭಟ್ಟಾಚಾರ್ಯ ಅವರನ್ನು ಅಮ್ಮ ಗುರುತು ಹಿಡಿದರು. ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಪಾಯಲ್ ಆಗಿ ಮನೆ ಮುರಿಯುತ್ತಿದ್ದವರು ಇಲ್ಲಿ ಮೇಕಪ್ಪಿಲ್ಲದ ಮುಖದಲ್ಲಿ, ಬೆನ್ನು ನೋವಿರುವವರ ನಡಿಗೆಯಲ್ಲಿ ಠಾಣೆಯೊಳಗೆ ಓಡಾಡುತ್ತಾರೆ. ತರಬೇತಿಯಲ್ಲಿರುವ ಐಪಿಎಸ್ ಹುಡುಗಿ ನೀತಿಯಾಗಿ ರಸಿಕಾ ದುಗಲ್ ಇದ್ದಾರೆ. ಗೋಪಾಲ್ ದತ್, ಅನುರಾಗ್ ಅರೋರಾ ಇದ್ದಾರೆ. ಕಮಿಷನರ್ ಆಗಿ ಆದಿಲ್ ಹುಸೇನ್ ಬರುತ್ತಾರೆ. ಯಾರೂ ‘ನಾನು ಪೊಲೀಸ್’ ಎಂದು ಎದೆ ಉಬ್ಬಿಸುವುದಿಲ್ಲ. ಆರೋಪಿಗಳು ಸಿಗುವ ತನಕ ಮನೆಗೆ ಹೋಗುವಂತಿಲ್ಲ, ಅಷ್ಟೇ.

ಮನೆಗೆ ಹೋಗದೇ ಇರುವುದು ಎಂದರೆ ಏನು ಅಂತ ಪೊಲೀಸ್ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕುತ್ತೇವೆಂದು ನಮ್ಮ ರಾಜ್ಯದ ಪೊಲೀಸರು ಹೊರಟರಲ್ಲ, ಅವರು ಕೇಳಿದ್ದರಲ್ಲಿ ಸಂಬಳದ ಜೊತೆಗೆ ರಜೆಯೂ ಇತ್ತು, ಆರ್ಡರ್ಲಿ ಕೆಲಸದಿಂದ, ಅಂದರೆ ಮೇಲಧಿಕಾರಿಗಳ ಮನೆಗೆಲಸದಿಂದ, ಬಿಡುಗಡೆಯೂ ಇತ್ತು. ತಿಂಗಳಲ್ಲಿ ನಾಲ್ಕು ಭಾನುವಾರ ಮಕ್ಕಳ ಮುಖ ನೋಡುವ ಆಸೆ ಅದು. ತೆರೆಯ ಮೇಲೆ ಪೇದೆಗಳನ್ನು ಮನುಷ್ಯರನ್ನಾಗಿ ತೋರಿಸಿದ ಕಾರಣಕ್ಕೇ ಈ ಸರಣಿಯನ್ನು ನಾನು ತಲೆಯ ಮೇಲೆ ಹೊತ್ತುಕೊಂಡಿದ್ದೇನೆ.

ಹಾಗೆ ಹೊತ್ತುಕೊಂಡವಳೇ ಈಗ ಒಂದು ದೂರನ್ನೂ ಹೇಳಬೇಕು.

ಆ ಹುಡುಗಿಯ ಜೊತೆಗಿದ್ದ ಗೆಳೆಯ. ಸರಣಿಯಲ್ಲಿ ಅವನ ಹೆಸರು ಆಕಾಶ್. ಅವನೂ ಹೊಡೆತ ತಿಂದವನು, ಅವನನ್ನೂ ಚಳಿಯಲ್ಲಿ ರಸ್ತೆಗೆ ಎಸೆದಿದ್ದರು. ಕಥೆ ಮಾತ್ರ ಅವನನ್ನು ಅನುಮಾನದಿಂದಲೇ ನೋಡುತ್ತದೆ. ವರ್ತಿಕಾಗೆ ಅವನ ಮೇಲೆ ಸಂಶಯ, ಆದ್ದರಿಂದ ನಮಗೂ ಸಂಶಯ. ವಾಸ್ತವದಲ್ಲಿ 2013ರ ಜನವರಿಯಲ್ಲಿ ಆ ಗೆಳೆಯ ಸುದ್ದಿವಾಹಿನಿಯೊಂದಕ್ಕೆ ಮಾತನಾಡಿ, ಸ್ಥಳಕ್ಕೆ ಬಂದ ಪೊಲೀಸ್ ವಾಹನಗಳು ಇದು ಯಾವ ಠಾಣೆಯ ಸರಹದ್ದು ಎಂದು ಚರ್ಚೆ ಮಾಡುತ್ತಾ ಹೊತ್ತು ಕಳೆದವು ಎಂದು ಹೇಳಿದ್ದ. ಪೊಲೀಸರು ಅದನ್ನು ಅಲ್ಲಗಳೆದರು, ವಾಹನಗಳು ಬಂದ ಸಮಯದ ಲೆಕ್ಕವನ್ನೂ ಕೊಟ್ಟರು. ಯಾರ ಮಾತು ಎಷ್ಟು ಸರಿ ಎಂದು ಬೆಂಗಳೂರಿನಲ್ಲಿ ಕೂತು ನಾನು ತೀರ್ಪು ಕೊಡಲಾರೆ. ಆದರೆ ಪೊಲೀಸರ ಕಡತ ಓದಿ, ತನಿಖೆ ಮಾಡಿದ ಅಧಿಕಾರಿಗಳ ಜೊತೆ ಕೂತು ಬರೆದ ಕಥೆ ಇದು. ಪೊಲೀಸರತ್ತ ಬೆರಳು ತೋರಿಸಿದ ಒಬ್ಬನೇ ಸಾಕ್ಷಿ ಅದೇ ಕಥೆಯಲ್ಲಿ ನಂಬಲಾಗದವನಾಗಿ ಕಾಣುತ್ತಾನೆ. ಇದು ನನಗೆ ನುಂಗಲಾಗದ ತುತ್ತು. ನಟರು ಕೆಟ್ಟದಾಗಿ ಮಾಡಿದ್ದರೆ ನಾವು ಅನುಮಾನಿಸುತ್ತಿದ್ದೆವು. ಇಷ್ಟು ಚೆನ್ನಾಗಿ ಮಾಡಿದ್ದರಿಂದ ಕಣ್ಣುಮುಚ್ಚಿ ಅವರ ಜೊತೆ ನಡೆದುಬಿಡುತ್ತೇವೆ.

ಇಷ್ಟು ಸಿಟ್ಟು ಯಾಕೆ ಎಂದರೆ, ಆ ‘ಸರಹದ್ದು’ ಎಂಬ ಪದ ನನ್ನ ಮೈಗೆ ತಾಗಿದ್ದು.

2009. ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದೆ. 2005ರ ಡಿಸೆಂಬರ್‌ನಲ್ಲಿ ನಮ್ಮೂರಿನಲ್ಲೇ, ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಹುಡುಗಿಯೊಬ್ಬಳನ್ನು ಕರೆದೊಯ್ಯಲು ಬಂದ ಚಾಲಕನೇ ಕೊಂದಿದ್ದ. ಆಮೇಲೆ ಕ್ಯಾಬುಗಳಿಗೆ ನಿಯಮಗಳು ಬಂದವು, ಹುಡುಗಿ ಮೊದಲು ಹತ್ತಬಾರದು, ಕೊನೆಗೆ ಇಳಿಯಬಾರದು ಅಂತ. ಅವತ್ತು ಕ್ಯಾಬ್ ನಮ್ಮ ರಸ್ತೆಯ ತಿರುವಿನಲ್ಲೇ ನನ್ನನ್ನು ಇಳಿಸಿತು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಮೈಮೇಲೆ ಕೈ ಹಾಕಿ, ಬ್ಯಾಗ್ ಕಿತ್ತುಕೊಂಡು ಹೋದರು. ಬೆಳಿಗ್ಗೆ ಹತ್ತಿರದ ಠಾಣೆಗೆ ಹೋದೆ. ‘ರೋಡಿನ ಯಾವ ಕಡೆ ಮೇಡಂ? ಆ ಕಡೆ ಆದ್ರೆ ನಮ್ಮ ಲಿಮಿಟ್ಸ್‌ಗೆ ಬರಲ್ಲ’ ಅಂದರು. ಇನ್ನೊಂದು ಠಾಣೆಗೆ ಹೋದೆ. ಅಲ್ಲಿ ಡಿವೈಡರ್ ಲೆಕ್ಕ ಹಾಕಿ ಮತ್ತೆ ಮೊದಲನೆಯದಕ್ಕೇ ಕಳಿಸಿದರು. ಅಪ್ಪ ಪೊಲೀಸ್ ಅಂತ ಹೇಳಿದ್ದರೆ ಕುರ್ಚಿ ಹಾಕುತ್ತಿದ್ದರು. ಹೇಳಬಾರದು ಅನ್ನಿಸಿತು. ಮೂರನೇ ಸಲ ರಸ್ತೆ ದಾಟದೆ ಮನೆಗೆ ಬಂದು ಮಲಗಿದೆ. ದೂರು ದಾಖಲಾಗಲಿಲ್ಲ.

2012ರ ಡಿಸೆಂಬರ್‌ನಲ್ಲಿ ಟೌನ್‌ಹಾಲ್ ಮೆಟ್ಟಿಲ ಮೇಲೆ ಮೇಣದಬತ್ತಿ ಹಿಡಿದು ನಿಂತವರಲ್ಲಿ ನಾನೂ ಒಬ್ಬಳು. ಬ್ಯಾರಿಕೇಡಿನ ಆಚೆ ಡ್ಯೂಟಿಯಲ್ಲಿ ಅಪ್ಪ ಇದ್ದರು. ನನ್ನನ್ನು ನೋಡಿ ಸ್ವೆಟರ್ ಹಾಕಿಕೊಂಡಿದ್ದೀಯಾ ಅಂತ ಕೈಸನ್ನೆ ಮಾಡಿ ಕೇಳಿದರು. ಆಗಲೂ ಹೇಳಲಿಲ್ಲ.

ಆ ಪ್ರತಿಭಟನೆಗಳಿಂದ ಏನೂ ಆಗಲಿಲ್ಲ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಇಂಥ ಅಪರಾಧಗಳ ಕಾನೂನು ಪರಿಶೀಲಿಸಲು ಡಿಸೆಂಬರ್ 23ರಂದು ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ ಒಂದು ತಿಂಗಳೊಳಗೆ ವರದಿ ಕೊಟ್ಟಿತು. 2013ರ ತಿದ್ದುಪಡಿಯಲ್ಲಿ ಆಗಿನ ಭಾರತೀಯ ದಂಡ ಸಂಹಿತೆಗೆ 166ಎ ಎಂಬ ಕಲಂ ಬಂತು. ಇಂಥ ದೂರು ದಾಖಲಿಸಿಕೊಳ್ಳದ ಪೊಲೀಸರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಘಟನೆ ಎಲ್ಲೇ ನಡೆದಿರಲಿ, ಹೋದ ಠಾಣೆಯಲ್ಲೇ ಬರೆದುಕೊಳ್ಳಬೇಕು ಎನ್ನುವ ‘ಝೀರೋ ಎಫ್‌ಐಆರ್’ 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಸೇರಿಕೊಂಡಿದೆ. ಇದನ್ನು ಓದುತ್ತಿರುವ ಹುಡುಗಿಯರು ದಯವಿಟ್ಟು ನೆನಪಿಟ್ಟುಕೊಳ್ಳಿ. ‘ಲಿಮಿಟ್ಸ್’ ಎಂಬುದು ಅವರ ತಲೆನೋವು, ನಿಮ್ಮದಲ್ಲ.

ಸರಹದ್ದು ಎಂದಾಗ ಇನ್ನೊಂದು ಸಂಗತಿ ಹೇಳದೇ ಇರಲಾರೆ. ಈ ಏಳು ಕಂತುಗಳ ದಿನಗಳು ಕಳೆದ ಮೇಲೆ, 2013ರ ಜನವರಿಯಲ್ಲಿ, ದೆಹಲಿ ಪೊಲೀಸರು ಹುಡುಗಿಯ ಮೈಮೇಲಿನ ಕಚ್ಚಿದ ಗುರುತುಗಳ ಫೋಟೋಗಳನ್ನೂ ಆರೋಪಿಗಳ ಹಲ್ಲಿನ ಅಚ್ಚುಗಳನ್ನೂ ಕಳಿಸಿದ್ದು ನಮ್ಮ ಧಾರವಾಡಕ್ಕೆ! ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ದಂತ ವಿಧಿವಿಜ್ಞಾನ ವಿಭಾಗ ಅವನ್ನು ತಾಳೆ ನೋಡಿ ವರದಿ ಕೊಟ್ಟಿತು. ಕೆಳಗಿನ ಕೋರ್ಟಿನಿಂದ ಹಿಡಿದು 2017ರ ಮೇ 5ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಅದು ಸಾಕ್ಷ್ಯವಾಗಿ ನಿಂತಿತು. ಸುಮಾರು ಸಾವಿರ ಮೈಲಿಯಾಚೆ ಹೋಗಿ ಸಾಕ್ಷ್ಯ ಹುಡುಕುವ ಶಕ್ತಿ ಇದೇ ಇಲಾಖೆಗಳಿಗಿದೆ. ರಸ್ತೆಯ ಆ ಬದಿಗೆ ಹೋಗುವುದು ಯಾಕೆ ಅಷ್ಟು ಕಷ್ಟವಾಗುತ್ತದೆ? ಈ ಧಾರವಾಡದ ಭಾಗವನ್ನೇ ಒಂದು ಕಂತಾಗಿ ಕನ್ನಡದಲ್ಲಿ ಯಾರಾದರೂ ತೆಗೆಯಬಾರದೇ? ನೀನಾಸಂ, ರಂಗಾಯಣದಿಂದ ಬಂದ ನಟರಿದ್ದಾರೆ, ರಾತ್ರಿಯೆಲ್ಲ ಬೂಟಿನಲ್ಲಿ ನಿಂತವರ ಹಾಗೆ ನಿಲ್ಲಬಲ್ಲವರು.

ಕಂತು ಮುಗಿಯಿತು. ಅಪ್ಪ ರಿಮೋಟ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ಹದಿನೈದು ವರ್ಷ ಮೀರಿದ ಆ ಬೆಳಗಿನ ಕಥೆಯನ್ನು ಅವರಿಗೆ ಅವತ್ತು ಹೇಳಿದೆ. ಎರಡೂ ಠಾಣೆಗಳ ಹೆಸರು ಕೇಳಿದರು. ಹೇಳಿದೆ. ಟೇಬಲ್ಲಿನಲ್ಲಿ ಯಾರಿದ್ದರು, ದಫೇದಾರ್ ಹೇಗಿದ್ದರು ಅಂತ ಕೇಳಿದರು. ನೆನಪಿಲ್ಲ ಅಂದೆ. ಬಹಳ ಹೊತ್ತು ಮಾತಿಲ್ಲ. ಅಮ್ಮ ಒಳಗಿನಿಂದ ಕಾಫಿ ತಂದು ಇಟ್ಟು ಹೋದರು.

‘ನಾನೂ ಹೇಳಿದೀನಿ ಕಣಮ್ಮ’ ಅಂದರು ಅಪ್ಪ. ‘ನಮ್ಮ ಲಿಮಿಟ್ಸ್ ಅಲ್ಲ, ಅಲ್ಲಿಗೆ ಹೋಗಿ ಅಂತ. ಬರ್ಕೊಂಡ್ರೆ ಕೇಸ್ ಜಾಸ್ತಿ ಆಗುತ್ತೆ ಅಂತ ಮೇಲಿನವ್ರು ಬೈತಿದ್ರು. ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಟ್ಟಿಲ್ಲ.’

ಕಾಫಿ ಆರಿತ್ತು. ಬಿಸಿ ಮಾಡಿಕೊಂಡು ಬರುತ್ತೇನೆ ಅಂತ ಎದ್ದೆ. ‘ಎರಡನೇದು ಹಾಕು, ನೋಡೋಣ’ ಅಂದರು.