ಅಜ್ಜಿ ಸರಕ್ಕೆ ರಸೀದಿ ಎಲ್ಲಿ?

ಹೋದ ವಾರ ಅಮ್ಮನ ಜೊತೆ ಕೋಲಾರದ ದೊಡ್ಡಪೇಟೆ ಕಡೆ ಹೋಗಿದ್ದೆ, ಒಡವೆ ಸಾಲಕ್ಕೆ. ಕಾರಣ ಕೇಳಬೇಡಿ. ನಮ್ಮ ಕಡೆ ಒಡವೆ ಅಡ ಇಡೋದಕ್ಕೆ ಇರುವುದು ಎರಡೇ ಕಾರಣ. ಒಂದು ಬೋರು, ಇನ್ನೊಂದು ಹಿಂದಿನ ಬೋರಿನ ಸಾಲ.

ಕೌಂಟರ್‌ನಲ್ಲಿದ್ದ ಹುಡುಗ ಒಳ್ಳೆಯವನೇ. ಆ ಸೆಕೆಯಲ್ಲೂ ಟೈ ಕಟ್ಟಿಕೊಂಡಿದ್ದ ಪಾಪ. ಅಮ್ಮ ಕತ್ತಿನಿಂದ ಎರಡೆಳೆ ಸರ ಬಿಚ್ಚಿ ಗಾಜಿನ ಮೇಲಿಟ್ಟರು. ಅವನು ಸರ ನೋಡಿದ, ಅಮ್ಮನನ್ನು ನೋಡಿದ, ಕಂಪ್ಯೂಟರ್ ನೋಡಿದ.

“ಅಮ್ಮಾ, ಇದು ನಿಮ್ದೇನಾ?”

“ಇಲ್ಲಪ್ಪ, ನಮ್ಮತ್ತೇದು.”

ಹುಡುಗನ ಬೆರಳು ಕೀಬೋರ್ಡ್ ಮೇಲೇ ನಿಂತವು. “ಹಂಗಾದ್ರೆ ಅವ್ರೇ ಬರ್ಬೇಕಲ್ವಾಮ್ಮಾ?”

“ಅವ್ರು ಹೋಗಿ ಇಪ್ಪತ್ತೆರಡು ವರ್ಷ ಆಯ್ತಲ್ಲಪ್ಪ.”

“ಬಿಲ್ ಏನಾದ್ರೂ ಇದ್ಯಾ?”

“ಈಗ ತಾನೆ ಕತ್ತಿಂದ ಬಿಚ್ಚಿಕೊಟ್ಟಿದ್ದು ನೋಡ್ಲಿಲ್ವೇನೋ?”

ಅಮ್ಮನ ಕತ್ತಿನ ಮೇಲೆ ಸರದ ಗೆರೆ ಕಪ್ಪಗೆ ಹಾಗೇ ಇತ್ತು. ಅದಕ್ಕಿಂತ ಒಳ್ಳೆ ದಾಖಲೆ ನನಗಂತೂ ಗೊತ್ತಿಲ್ಲ. ಆದರೆ ಅದನ್ನು ಸ್ಕ್ಯಾನ್ ಮಾಡೋಕಾಗಲ್ಲ. ಹುಡುಗ ಡ್ರಾಯರ್‌ನಿಂದ ಒಂದು ಹಾಳೆ ತೆಗೆದ. ‘ಈ ಒಡವೆಯ ನಿಜವಾದ ಮಾಲೀಕರು ನಾನೇ’ ಅಂತ ಅಮ್ಮ ಬರೆದುಕೊಡಬೇಕಂತೆ.

ಕಥೆ ನಿಮಗೆ ಗೊತ್ತೇ ಇದೆ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಚಿನ್ನದ ಸಾಲಕ್ಕೆ ಹೊಸ ನಿಯಮದ ಕರಡು ಬಿಟ್ಟಿತು. ಚಿನ್ನ ನಿಮ್ಮದೇ ಅನ್ನೋದಕ್ಕೆ ಪುರಾವೆ ಬೇಕು ಅಂತ ಅದರಲ್ಲಿತ್ತು. ಜನ ಬಾಯಿ ಬಡಿದುಕೊಂಡರು, ತಮಿಳುನಾಡಿನವರು ನಮಗಿಂತ ಸ್ವಲ್ಪ ಜಾಸ್ತಿಯೇ ಬಡಿದುಕೊಂಡರು. ಜೂನ್ 6ಕ್ಕೆ ಕೊನೆಯ ನಿಯಮ ಬಂತು, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಪಾಲಿಸಬೇಕು ಅಂತ. ದಾಖಲೆ ಇಲ್ಲದಿದ್ದರೆ ಪರವಾಗಿಲ್ಲ, ಒಂದು ಘೋಷಣೆ ಸಾಕು. ಎಂಥ ದೊಡ್ಡ ಮನಸ್ಸು! ಕಳ್ಳ ಆದವನು ‘ನಾನೇ ಮಾಲೀಕ’ ಅಂತ ಬರೆಯೋಕೆ ಕೈ ನಡುಗಿ ಓಡಿಹೋಗ್ತಾನೆ ಅಂತ ಅವರ ಲೆಕ್ಕ ಇರಬೇಕು.

ಚಿನ್ನದ ರಸೀದಿ ಕೇಳೋಕೆ ಇವರಿಗೆ ಊರೇ ಸಿಗಲಿಲ್ವಾ, ಕೋಲಾರಕ್ಕೆ ಬಂದಿದ್ದಾರಲ್ಲ ಅಂತ ಅಲ್ಲೇ ನಿಂತು ನಗು ಬಂತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ನಮ್ಮ ನೆಲ ಅಗೆಯಲು ಶುರು ಮಾಡಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ಹೊರಗೆ ಬಂದಿತ್ತು. ಟನ್ ಸ್ವಾಮಿ, ಗ್ರಾಂ ಅಲ್ಲ. ಮೂರು ಕಿಲೋಮೀಟರ್ ಆಳ ಇಳಿದು ತೆಗೆದಿದ್ದು. ಅದಕ್ಕೋಸ್ಕರ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ. ಚಿನ್ನ ರೈಲು ಹತ್ತಿತು, ಹಡಗು ಹತ್ತಿತು, ಸೀಮೆಗೆ ಹೋಯಿತು. ‘ಈ ಚಿನ್ನ ನಿಮ್ಮದೇನಾ’ ಅಂತ ಟೇಲರ್ ದೊರೆಯನ್ನು ಕೌಂಟರ್‌ನಲ್ಲಿ ಯಾರೂ ನಿಲ್ಲಿಸಿ ಕೇಳಲಿಲ್ಲ. ಆಗಲೂ ತಪಾಸಣೆ ಇತ್ತು, ಇಲ್ಲ ಅಂತಲ್ಲ. ಗಣಿಯಿಂದ ಮೇಲೆ ಬಂದ ಕೂಲಿಯವನ ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು. ಅಲ್ಲಿಂದ ಇಲ್ಲಿವರೆಗೆ ಪದ್ಧತಿ ಚೆನ್ನಾಗಿಯೇ ಉಳಿದುಕೊಂಡು ಬಂದಿದೆ. ನಮಗೆ ಉಳಿದಿದ್ದು ಚಿನ್ನ ತೆಗೆದು ಬಿಸಾಕಿದ ಮಣ್ಣಿನ ರಾಶಿ, ಸೈನೈಡ್ ಗುಡ್ಡ. ಗಾಳಿ ಬೀಸಿದಾಗ ಅದರ ಧೂಳು ಮಾತ್ರ ಯಾವ ದಾಖಲೆಯೂ ಕೇಳದೆ ಮನೆಯೊಳಗೆ ಬರುತ್ತದೆ.

ಇರಲಿ, ಸರಕ್ಕೆ ಬರೋಣ.

ತೂಕ ಹಾಕಿದರು. ನಲವತ್ತು ಗ್ರಾಂ ಬಂತು. ಅಮ್ಮನ ಮುಖ ಅರಳಿತು. ಆಮೇಲೆ ಹುಡುಗ ಪದಕದ ಕೆಂಪು ಕಲ್ಲಿಗೆ ಇಷ್ಟು, ಗುಂಡಿನೊಳಗಿನ ಅರಗಿಗೆ ಇಷ್ಟು ಅಂತ ಕಳೆಯುತ್ತಾ ಹೋದ, ಮೂವತ್ತಾರಕ್ಕೆ ಬಂದು ನಿಂತ. ಅದಕ್ಕೆ ದರ ಯಾವುದು? ಹಿಂದಿನ ಮೂವತ್ತು ದಿನದ ಸರಾಸರಿ, ಇಲ್ಲಾ ನಿನ್ನೆಯ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಇದೇನು ನಮಗೆ ಹೊಸದಲ್ಲ. ಕೋಲಾರದ ಮಂಡಿಯಲ್ಲಿ ಟಮೋಟ ಮಾರಿದವರಿಗೆ ಯಾವ ದರ ಕೈಗೆ ಬರುತ್ತದೆ ಅಂತ ಚೆನ್ನಾಗಿ ಗೊತ್ತು.

ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ. 85ರಷ್ಟು ಕೊಡಬಹುದು ಅಂತ ಪೇಪರ್‌ನಲ್ಲಿ ಓದಿ ನಾನೂ ಖುಷಿಪಟ್ಟಿದ್ದೆ. ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ತೀವಿ ಅಂದರೆ ಆ 85ರೊಳಗೇ ವರ್ಷದ ಬಡ್ಡಿಯೂ ಸೇರಬೇಕಂತೆ. ರೈತರು ಕಟ್ಟೋದೇ ಹಾಗೆ, ಬೆಳೆ ಬಂದ ಮೇಲೆ. ಹಾಗಾಗಿ 85 ಅನ್ನೋದು ಗೋಡೆಯ ಪೋಸ್ಟರ್‌ನಲ್ಲಿ ಮಾತ್ರ. ಇನ್ನು, ಒಬ್ಬರು ಒಂದು ಕೆಜಿಗಿಂತ ಜಾಸ್ತಿ ಒಡವೆ ಅಡ ಇಡುವಂತಿಲ್ಲ. ಈ ನಿಯಮ ಕೇಳಿದ ಮೇಲೆ ನಮ್ಮ ಬೀದಿಯ ಹೆಂಗಸರಿಗೆ ರಾತ್ರಿ ನಿದ್ದೆ ಇಲ್ಲ.

ಸುಳ್ಳು ಹೇಳಬಾರದು, ಒಳ್ಳೆಯದೂ ಇದೆ. ಸಾಲ ತೀರಿಸಿದ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ಕೊಡಬೇಕು. ಇದನ್ನು ಅಮ್ಮನಿಗೆ ಹೇಳಿದೆ. “ದಿನಕ್ಕೆ ಐದು ಸಾವಿರಾನಾ? ಹಂಗಾದ್ರೆ ಅವ್ರೇ ಇಟ್ಕೊಳ್ಳಲಿ ಬಿಡು, ಹಸು ಮಾರಿಬಿಡೋಣ” ಅಂದರು.

ನಿಯಮಗಳಲ್ಲಿ ಇನ್ನೊಂದು ಇದೆ, ಸಾಲದ ಮುಖ್ಯ ಮಾಹಿತಿ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ. ನಮಗೆ ಕೊಟ್ಟಿದ್ದು ಇಂಗ್ಲಿಷ್‌ನಲ್ಲಿತ್ತು. ಕನ್ನಡದ್ದು ಕೊಡಪ್ಪ ಅಂದೆ. “ಸಿಸ್ಟಮ್‌ನಲ್ಲಿ ಬರಲ್ಲ ಸಾರ್” ಅಂದ. ಅಮ್ಮ ಏಳು ಕಡೆ ಕನ್ನಡದಲ್ಲೇ ಸೈನ್ ಮಾಡಿದರು. ಅದು ಮಾತ್ರ ಸಿಸ್ಟಮ್‌ಗೆ ಸಲೀಸಾಗಿ ಹೋಯಿತು.

ಬಸ್ಸಿಗೆ ಕಾಯುವಾಗ ನಮ್ಮೂರಿನ ಅಕ್ಕ ಒಬ್ಬರು ಸಿಕ್ಕಿದರು. ಅವರದು ಸಂಘದ ಸಾಲ, ವಾರದ ಕಂತು. 2022ರಿಂದ ಮೈಕ್ರೋಫೈನಾನ್ಸ್ ಕಂತು ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅಕ್ಕನ ಹತ್ತಿರ ವಸೂಲಿಗೆ ಬರೋನು ನಿಯಮ ಓದಿಕೊಂಡವನು. ಮನೆ ಹತ್ತಿರ ಸುಳಿಯುವುದೇ ಇಲ್ಲ. ಬಟವಾಡೆ ದಿನ ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಕಟ್ಟೆ ಮೇಲೆ ಕೂತಿರುತ್ತಾನೆ. ಕೇಳಿದರೆ “ನಾನೇನು ವಸೂಲಿಗೆ ಬಂದಿಲ್ಲಕ್ಕ, ಸುಮ್ನೆ ಹಾಲು ತಗೊಂಡು ಹೋಗೋಕೆ ಬಂದೆ” ಅಂತಾನಂತೆ. ಅದೇ 2022ರಲ್ಲಿ ಬಡ್ಡಿಗೆ ಇದ್ದ ಮಿತಿಯನ್ನೂ ತೆಗೆದರು. ವಿಪರೀತ ಬಡ್ಡಿ ಹಾಕಬಾರದು ಅಂದರು, ಎಷ್ಟಾದರೆ ವಿಪರೀತ ಅಂತ ಮಾತ್ರ ಹೇಳಲಿಲ್ಲ. ವಸೂಲಿಗೆ ಗಡಿಯಾರ ಇದೆ, ಬಡ್ಡಿಗೆ ತಕ್ಕಡಿ ಇಲ್ಲ.

ನಮ್ಮ ರಾಜ್ಯ ಸರ್ಕಾರ ಏನು ಕಮ್ಮಿ ಅಲ್ಲ. 1961ರಿಂದ ಲೇವಾದೇವಿ ಕಾಯ್ದೆ ಇದೆ, 2004ರಲ್ಲಿ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಬಂತು. 2025ರ ಫೆಬ್ರವರಿಯಲ್ಲಿ ಕಿರುಕುಳ ಕೊಡೋರಿಗೆ ಹತ್ತು ವರ್ಷ ಜೈಲು, 5 ಲಕ್ಷ ದಂಡ ಅಂತ ಸುಗ್ರೀವಾಜ್ಞೆ ತಂದರು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು. ಸಾಲವೇ ಹೆಚ್ಚೆಂದರೆ ಮೂರು ಲಕ್ಷ, ದಂಡ ಐದು ಲಕ್ಷ ಆದರೆ ಹೇಗೆ ಅನ್ನೋದು ಅವರ ಆಕ್ಷೇಪಗಳಲ್ಲಿ ಒಂದು. ಆಮೇಲೆ ಅದೇ ತಿಂಗಳ 12ಕ್ಕೆ ಸಹಿ ಬಿತ್ತು. ಸಾಲಕ್ಕಿಂತ ದಂಡ ಜಾಸ್ತಿ ಆಗೋದು ಅನ್ಯಾಯ ಅಂತ ಅವರಿಗೆ ತಕ್ಷಣ ಹೊಳೆಯಿತಲ್ಲ. ಮೀಟರ್ ಬಡ್ಡಿಯಲ್ಲಿ ಸಾಲಕ್ಕಿಂತ ಬಡ್ಡಿ ಜಾಸ್ತಿ ಆಗಿ ಎಷ್ಟು ವರ್ಷ ಆಯ್ತು?

2009ರಲ್ಲಿ ಕೋಲಾರ, ಶಿಡ್ಲಘಟ್ಟದಲ್ಲಿ ಜನ ಸಂಘದ ಕಂತು ಕಟ್ಟೋದನ್ನೇ ನಿಲ್ಲಿಸಿದ್ದರು. ದೇಶಕ್ಕೆಲ್ಲ ಸುದ್ದಿಯಾಯಿತು. ಯಾಕೆ ಕಟ್ಟಲಿಲ್ಲ ಅಂತ ವರದಿಗಳು ಬಂದವು. ಅದಾಗಿ ಇಷ್ಟು ವರ್ಷ ಆಯ್ತು, ಇವತ್ತಿಗೂ ಒಂದು ಮನೆಗೆ ಮೂರು ಮೂರು ಕಡೆಯ ಕಂತು. ಒಂದನ್ನು ತೀರಿಸೋಕೆ ಇನ್ನೊಂದು. ಶೋಕಿಗೆ ಯಾರೂ ಸಾಲ ಮಾಡ್ತಿಲ್ಲ ಕಣ್ರೀ. ಸಾವಿರದೈನೂರು ಅಡಿ ಕೊರೆಸಿದರೂ ನೀರಿಲ್ಲ, ನೀರು ಬಂದ ವರ್ಷ ಟಮೋಟಕ್ಕೆ ಬೆಲೆ ಇಲ್ಲ, ಬೆಲೆ ಬಂದ ವರ್ಷ ಗಿಡಕ್ಕೆ ರೋಗ. ಅದಕ್ಕೊಂದು ಸುತ್ತೋಲೆ ಹೊರಡಿಸಿ ನೋಡೋಣ. ಹೊರಡಿಸಲ್ಲ. ಸಾಲ ಕೊಡೋನು ಎಷ್ಟು ಗಂಟೆಗೆ ಬರಬೇಕು, ಯಾವ ಹಾಳೆಗೆ ಸೈನ್ ಹಾಕಿಸಬೇಕು ಅಂತಲೇ ಬರೀತಾ ಇರ್ತಾರೆ. ಸಾಕಾಗಿ ಹೋಗಿದೆ.

ಬಸ್ಸು ಬಂತು. ಸೀಟು ಸಿಕ್ಕಿದ ಮೇಲೆ ಅಮ್ಮ ಅಡಮಾನದ ಚೀಟಿ ಬಿಡಿಸಿ ನೋಡಿದರು. ಎರಡೆಳೆ ಸರ, ಪದಕ ಸಮೇತ, ಒಂದು, ನಿವ್ವಳ ಮೂವತ್ತಾರು ಗ್ರಾಂ, ಮಾಲೀಕರು ಅಂತ ಅಮ್ಮನ ಹೆಸರು, ಮೇಲೊಂದು ಸೀಲು. ಓದಿ ಹೇಳಿದೆ.

“ನೋಡು, ಅರವತ್ತು ವರ್ಷಕ್ಕೆ ನಿಮ್ಮಜ್ಜಿ ಸರಕ್ಕೆ ಒಂದು ರಸೀದಿ ಆಯ್ತು” ಅಂದರು. ಚೀಟಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್‌ಗೆ ಸೇರಿಸಿ, ಬರಿಗತ್ತಿಗೆ ಸೆರಗು ಎಳೆದುಕೊಂಡು ಕಿಟಕಿ ಕಡೆ ತಿರುಗಿದರು.