ಕೊನೆಯ ದೃಶ್ಯಕ್ಕೆ ಕೊನೆಯ ಬಸ್ಸು

ಹಾಸನದಿಂದ ನಮ್ಮೂರಿಗೆ ಕೊನೆಯ ಬಸ್ಸು ರಾತ್ರಿ ಒಂಬತ್ತಕ್ಕೆ. ಕಂಡಕ್ಟರ್ ಟೀ ಕುಡಿಯಲು ಹೋಗಿದ್ದರೆ ಒಂಬತ್ತು ಐದಕ್ಕೆ. ಆಲೂರು ದಾಟಿ ಇನ್ನೂ ಒಳಗೆ ಹೋಗಬೇಕಾದ ನಮ್ಮಂಥವರಿಗೆ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಿರ್ದೇಶಕನಿಗಿಂತ ಹೆಚ್ಚಾಗಿ ಈ ಬಸ್ಸೇ ತೀರ್ಮಾನಿಸುತ್ತದೆ. ಪತ್ರಿಕೆಯವರು ನಕ್ಷತ್ರ ಕೊಡುತ್ತಾರೆ. ನನ್ನ ಹತ್ತಿರ ಮೂರೇ ದರ್ಜೆ: ಬಸ್ಸು ಸಿಕ್ಕಿತು, ಓಡಿ ಹಿಡಿದೆ, ಆಟೋಗೆ ತೆತ್ತೆ.

ಮೂರನೆಯ ದರ್ಜೆ ಶುರುವಾದದ್ದು 2019ರ ಏಪ್ರಿಲ್ ಕೊನೆಯಲ್ಲಿ, 'ಅವೆಂಜರ್ಸ್: ಎಂಡ್‌ಗೇಮ್' ಬಂದಾಗ. ಅಕ್ಕನ ಮಗ ರಜೆಗೆ ಬಂದಿದ್ದ. ಇದನ್ನು ನೋಡದಿದ್ದರೆ ಬದುಕೇ ವ್ಯರ್ಥ ಎಂಬ ಮುಖ ಮಾಡಿಕೊಂಡು ಎರಡು ದಿನ ಊಟದ ತಟ್ಟೆಯ ಮುಂದೆ ಕೂತ. ಕರೆದುಕೊಂಡು ಹೋದೆ. ಒಟ್ಟು 181 ನಿಮಿಷದ ಸಿನಿಮಾ. ಆ ಸರಣಿಯಲ್ಲಿ ಅದು ಇಪ್ಪತ್ತೆರಡನೆಯದು ಎಂದು ಟಿಕೆಟ್ ಹರಿದು ಒಳಗೆ ಕೂತ ಮೇಲೆ ಹೇಳಿದ. ಹಿಂದಿನ ಇಪ್ಪತ್ತೊಂದರಲ್ಲಿ ನಾನು ಒಂದನ್ನೂ ನೋಡಿರಲಿಲ್ಲ. ಮದುವೆಗೆ ಹೋಗದೆ ಬೀಗರೂಟಕ್ಕೆ ಮಾತ್ರ ಹೋದವನ ಹಾಗಾಯಿತು ನನ್ನ ಪಾಡು. ಯಾರೋ ಯಾರನ್ನೋ ತಬ್ಬಿಕೊಂಡು ಅಳುತ್ತಾರೆ, ಇನ್ಯಾರೋ ಬಾಗಿಲಲ್ಲಿ ಕಾಣಿಸಿಕೊಂಡ ತಕ್ಷಣ ಎಲ್ಲರೂ ಎದ್ದು ನಿಂತು ಕೂಗುತ್ತಾರೆ, ನಾನು ಮಾತ್ರ ಇವರು ಹುಡುಗನ ಕಡೆಯವರೋ ಹುಡುಗಿಯ ಕಡೆಯವರೋ ತಿಳಿಯದೆ ಎಲ್ಲರಿಗೂ ಸಮನಾಗಿ ನಗುತ್ತಾ ಕೂತಿದ್ದೆ.

ಸಿನಿಮಾ ಮುಗಿದಾಗ ಎಂಟೂ ಮುಕ್ಕಾಲು. ಎದ್ದೆ. ಅವನು ನನ್ನ ಅಂಗಿಯ ತುದಿ ಹಿಡಿದು ಎಳೆದ.

"ಕೂತುಕೊಳ್ಳಿ ಮಾಮ. ಹೆಸರುಗಳೆಲ್ಲ ಮುಗಿದ ಮೇಲೆ ಇನ್ನೊಂದು ದೃಶ್ಯ ಇರುತ್ತದೆ."

ಹೆಸರುಗಳು ಹರಿಯತೊಡಗಿದವು. ನಮ್ಮ ಪಂಚಾಯಿತಿಯ ಮತದಾರರ ಪಟ್ಟಿಯಲ್ಲೂ ಅಷ್ಟು ಹೆಸರುಗಳಿಲ್ಲ. ಪೊರಕೆ ಹಿಡಿದ ಹೆಂಗಸು ಬಂದು ನಮ್ಮ ಸಾಲನ್ನು ಗುಡಿಸಿ, ನಮ್ಮ ಕಾಲುಗಳನ್ನೂ ಎತ್ತಿಸಿ, "ಮನೆ ಇಲ್ಲವೇ?" ಎಂಬಂತೆ ನೋಡಿ ಮುಂದೆ ಹೋದಳು. ಎಂಟು ಐವತ್ತೈದು. ಕೊನೆಗೂ ಪರದೆ ಕಪ್ಪಾಯಿತು. ಕತ್ತಲೊಳಗಿನಿಂದ ಠಣ್, ಠಣ್, ಠಣ್ ಎಂದು ಕಬ್ಬಿಣಕ್ಕೆ ಸುತ್ತಿಗೆ ಬಡಿದ ಸದ್ದು. ಅಷ್ಟೇ. ದೀಪ ಹತ್ತಿತು. ದೃಶ್ಯವೂ ಇಲ್ಲ, ಮಣ್ಣೂ ಇಲ್ಲ.

ಹುಡುಗನ ಕಣ್ಣು ಒದ್ದೆಯಾಗಿತ್ತು. 2008ರ ಮೊದಲ ಸಿನಿಮಾದಲ್ಲಿ ಐರನ್ ಮ್ಯಾನ್ ಗುಹೆಯೊಳಗೆ ಕೂತು ತನ್ನ ಕವಚವನ್ನು ತಟ್ಟಿದ ಸದ್ದಂತೆ ಅದು, ಹನ್ನೊಂದು ವರ್ಷದ ಋಣವಂತೆ. ಇರಬಹುದು. ನಮ್ಮೂರಿನ ಕುಲುಮೆಯಲ್ಲಿ ಇದೇ ಸದ್ದು ದಿನವೂ ಬಿಟ್ಟಿ ಕೇಳುತ್ತಿತ್ತು, ಜೊತೆಗೆ ಕುಡುಗೋಲೂ ಹದವಾಗುತ್ತಿತ್ತು. ನಿಲ್ದಾಣ ತಲುಪಿದಾಗ ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ಹಸು ಮಲಗಿತ್ತು. ಆಟೋದವನು ಕೇಳಿದ ಹಣದಲ್ಲಿ ಇನ್ನೊಂದು ಸಲ ಬಾಲ್ಕನಿಯಲ್ಲಿ ಕೂತು ಅದೇ ಸಿನಿಮಾ ನೋಡಬಹುದಿತ್ತು.

ಕಾಮಿಕ್ಸ್ ನಾಯಕರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಸಿನಿಮಾ ನೋಡಲು ಮನೆಪಾಠ ಮಾಡಿಕೊಂಡು ಹೋಗಬೇಕು ಎಂದರೆ ನನ್ನಿಂದಾಗದು. ನಮ್ಮ ಆ್ಯಕ್ಷನ್ ಸಿನಿಮಾಗಳೇ ವಾಸಿ. ಅಲ್ಲಿ ಯಾರು ಒಳ್ಳೆಯವನು ಎಂದು ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಗಾಳಿ ಅವನ ಕೂದಲಿಗೆ ಮಾತ್ರ ಬೀಸುತ್ತಿರುತ್ತದೆ.

2022ರ ಏಪ್ರಿಲ್‌ನಲ್ಲಿ 'ಕೆಜಿಎಫ್' ಎರಡನೆಯ ಭಾಗ ಬಂದಾಗ ನಮ್ಮ ದೊಡ್ಡಮ್ಮನನ್ನು ಕಣ್ಣಿನ ತಪಾಸಣೆಗೆ ಹಾಸನಕ್ಕೆ ಕರೆತಂದಿದ್ದೆ. ಕನ್ನಡಕ ಸಂಜೆಗೆ ಸಿಗುತ್ತದೆ ಎಂದರು. ಬಿಸಿಲಿನಲ್ಲಿ ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಎಷ್ಟು ಹೊತ್ತು ಕೂರುವುದು? ಮ್ಯಾಟ್ನಿಗೆ ನುಗ್ಗಿದೆವು. ಸಿಕ್ಕಿದ್ದು ಗಾಂಧಿ ಕ್ಲಾಸಿನ ಸೀಟು. ದೊಡ್ಡಮ್ಮ ಕೊನೆಯ ಸಲ ಸಿನಿಮಾ ನೋಡಿದ್ದು ಟೂರಿಂಗ್ ಟಾಕೀಸಿನ ಡೇರೆಯಲ್ಲಿ. ಎಲೆ ಅಡಿಕೆಯ ಚೀಲ ಮಡಿಲಲ್ಲಿ ಇಟ್ಟುಕೊಂಡು, ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿಕೊಂಡು ಗಂಭೀರವಾಗಿ ಕೂತರು. ಅರ್ಧ ಗಂಟೆಯಾದ ಮೇಲೆ, "ಇದು ಇದ್ದಿಲಿನ ಮಂಡಿಯೇನಪ್ಪಾ? ಯಾರೂ ಸ್ನಾನವನ್ನೇ ಮಾಡಿಲ್ಲ" ಎಂದರು. ಚಿನ್ನದ ಗಣಿ ಎಂದೆ. ನಂಬಲಿಲ್ಲ.

ಆ ಸಿನಿಮಾದಲ್ಲಿ ನಾಯಕನ ದೊಡ್ಡ ಬಂದೂಕಿನ ಹೆಸರು 'ದೊಡ್ಡಮ್ಮ'. ಈ ಸಂಗತಿ ನನಗೆ ಮುಂಚೆಯೇ ಗೊತ್ತಿದ್ದರೆ ಪಾರ್ಕಿನ ಬಿಸಿಲಲ್ಲೇ ಕೂತಿರುತ್ತಿದ್ದೆ. ಬಂದೂಕು ಪರದೆಯ ಮೇಲೆ ಬಂದದ್ದೇ ತಡ, ಸುತ್ತಲಿದ್ದ ಇನ್ನೂರು ಹುಡುಗರು ಒಂದೇ ಗಂಟಲಲ್ಲಿ "ದೊಡ್ಡಮ್ಮಾ!" ಎಂದು ಕಿರುಚಿದರು. ನಮ್ಮ ದೊಡ್ಡಮ್ಮ ಬೆಚ್ಚಿಬಿದ್ದು ಅಡಿಕೆ ಚೆಲ್ಲಿದರು.

"ಯಾರೋ ಕರೆದರಲ್ಲ?"

"ನಿಮ್ಮನ್ನಲ್ಲ. ಆ ಬಂದೂಕನ್ನು."

"ಬಂದೂಕಿಗೆ ನನ್ನ ಹೆಸರು ಯಾಕಪ್ಪಾ?"

"ದೊಡ್ಡದಾಗಿದೆಯಲ್ಲ, ಅದಕ್ಕೆ."

ಈ ಉತ್ತರ ಅವರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ನಾಯಕ ಪೊಲೀಸ್ ಠಾಣೆಯನ್ನೇ ಚಿಂದಿ ಮಾಡಿ, ಕೆಂಪಗೆ ಕಾದ ನಳಿಕೆಗೆ ಸಿಗರೇಟು ಮುಟ್ಟಿಸಿ ಹೊತ್ತಿಸಿಕೊಂಡ. ಶಿಳ್ಳೆಯ ಮಧ್ಯೆ ದೊಡ್ಡಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು: "ನಿಮ್ಮ ದೊಡ್ಡಪ್ಪನೂ ಹೀಗೆಯೇ. ಬೆಂಕಿಪೊಟ್ಟಣಕ್ಕೆ ದುಡ್ಡು ಕೊಡಬೇಕಲ್ಲ ಎಂದು ಒಲೆಯ ಕೆಂಡಕ್ಕೇ ಬೀಡಿ ಹಿಡಿಯುತ್ತಿದ್ದರು." ಮುಂದಿನ ಸಾಲಿನ ಹುಡುಗರು ತಿರುಗಿ ನೋಡಿದರು. ನಾನು ಇವರನ್ನು ಏನೆಂದು ಕರೆಯುತ್ತೇನೆ ಎಂಬುದು ಅವರ ಕಿವಿಗೆ ಬಿತ್ತು. ಮುಗಿಯಿತು ಕಥೆ. ಆಟ ಬಿಡುವ ಹೊತ್ತಿಗೆ ಒಬ್ಬ ಬಾದಾಮಿ ಹಾಲು ತಂದುಕೊಟ್ಟ, ಇನ್ನೊಬ್ಬ ಕಾಲಿಗೆ ಬಿದ್ದ, ನಾಲ್ವರು ಅವರ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಈಗಲೂ ಅವರಿಗೆ ಯಾವುದಾದರೂ ಸಿನಿಮಾ ಹಿಡಿಸಿದ್ದರೆ ಅದೊಂದೇ, ಬಾದಾಮಿ ಹಾಲಿನದು.

ನನ್ನ ಅಭಿಪ್ರಾಯ ಕೇಳಿದರೆ, ಇಂಥ ಸಿನಿಮಾಗಳಲ್ಲಿ ಮೆಚ್ಚಬೇಕಾದದ್ದು ಖಳನ ಕಡೆಯ ಆಳುಗಳನ್ನು. ನಲವತ್ತು ಜನ ಕತ್ತಿ ಹಿಡಿದು ಸುತ್ತ ನಿಂತಿರುತ್ತಾರೆ, ಆದರೂ ಒಬ್ಬನು ಪೆಟ್ಟು ತಿಂದು ಮುಗಿಸುವವರೆಗೆ ಇನ್ನೊಬ್ಬ ಮುಂದೆ ಬರುವುದಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ನಮ್ಮ ಹಾಸನಾಂಬೆಯ ದರ್ಶನದ ಸಾಲಿನಲ್ಲೂ ಇಂಥ ಶಿಸ್ತನ್ನು ನಾನು ಕಂಡಿಲ್ಲ. ನಾಯಕನ ಸಹವಾಸ ಮಾತ್ರ ಅಪಾಯ. ಮರುವಾರವೇ ಬಿತ್ತನೆ ಆಲೂಗಡ್ಡೆಯ ಮೂಟೆ ಇಳಿಸಬೇಕಿತ್ತು. ಕಿವಿಯೊಳಗೆ ಇನ್ನೂ ಆ ಹಿನ್ನೆಲೆ ಸಂಗೀತ ಬಡಿಯುತ್ತಿದ್ದ ಕಾರಣ, ಜಲಂಧರದಿಂದ ಅಷ್ಟು ದೂರ ಲಾರಿಯಲ್ಲಿ ಸುಖವಾಗಿ ಬಂದಿದ್ದ ಐವತ್ತು ಕಿಲೋ ಮೂಟೆಯನ್ನು ಒಂಟಿ ಕೈಯಲ್ಲಿ ಎತ್ತಲು ಹೋದೆ. ಮೂಟೆ ಅಲ್ಲೇ ಇತ್ತು. ನಾನು ಒಂಬತ್ತು ದಿನ ಚಾಪೆಯ ಮೇಲಿದ್ದೆ. ಉಳುಕು ತೆಗೆಯುವವರು ಬೆನ್ನಿಗೆ ಎಣ್ಣೆ ಹಚ್ಚುತ್ತಾ, ಈ ಸಿನಿಮಾ ಬಂದ ಮೇಲೆ ನೀವು ಮೂರನೆಯವರು ಎಂದರು.

ಮರುವರ್ಷ ಜೂನ್‌ನಲ್ಲಿ ಅಕ್ಕನ ಮಗ ಹೊಸ ವಾದದೊಂದಿಗೆ ಬಂದ. ಸ್ಪೈಡರ್‌ಮ್ಯಾನ್ ಕನ್ನಡದಲ್ಲೇ ಮಾತನಾಡುತ್ತಾನೆ, ಇನ್ನೇನು ನೆಪ? ನಿಜವೇ. 'ಅಕ್ರಾಸ್ ದಿ ಸ್ಪೈಡರ್-ವರ್ಸ್' ಎಂಬ ಆ ಅನಿಮೇಷನ್ ಚಿತ್ರ ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ಬಂದಿತ್ತು, ಅದರಲ್ಲಿ ಕನ್ನಡವೂ ಒಂದು. ಮೈಸೂರಿನಲ್ಲಿ ಅಕ್ಕನ ಮನೆಯಲ್ಲೇ ಉಳಿಯುವುದೆಂದು ಹೊರಟೆ, ಬಸ್ಸಿನ ಚಿಂತೆಯೂ ಇರಲಿಲ್ಲ. ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಜೇಡರ ಹುಡುಗನೊಬ್ಬ ಅದರಲ್ಲಿದ್ದಾನೆ. 'ಚಾಯ್ ಟೀ' ಎಂದವನಿಗೆ, ಚಾಯ್ ಎಂದರೇ ಟೀ ಎಂದು ಬೈಯುತ್ತಾನೆ. ಇವನು ನಮ್ಮವನು ಅನ್ನಿಸಿಬಿಟ್ಟಿತು. ನಮ್ಮ ಕಡೆಯ ತೋಟಗಳಿಗೆ ಇವನನ್ನು ಕರೆತಂದರೆ ಹೇಗೆ ಎಂಬ ಯೋಚನೆ ಬಂತು. ಜೋತಾಡಲು ಗಗನಚುಂಬಿ ಕಟ್ಟಡಗಳಿಲ್ಲ, ಸರಿ. ಸಿಲ್ವರ್ ಓಕ್ ಮರಗಳಿವೆಯಲ್ಲ! ಅದಕ್ಕೆ ಹಬ್ಬಿಸಿದ ಮೆಣಸು ಕೊಯ್ಯಲು ಏಣಿ ಹತ್ತುವವರು ಸಿಗದೆ ಪ್ರತಿ ವರ್ಷ ಅರ್ಧ ಫಸಲು ಹಕ್ಕಿಯ ಪಾಲು. ಒಂದು ದಿನಕ್ಕೆ ಎಷ್ಟು ಮರ ಇಳಿಸಬಹುದು, ಕೂಲಿ ಮರದ ಲೆಕ್ಕದಲ್ಲೋ ಕಿಲೋ ಲೆಕ್ಕದಲ್ಲೋ ಎಂದು ಮನಸ್ಸಿನಲ್ಲೇ ಗುಣಿಸುತ್ತಾ ಕೂತಿದ್ದಾಗ ಸಿನಿಮಾ ನಿಂತುಹೋಯಿತು. ಹುಡುಗ ಕಷ್ಟದಲ್ಲಿ ಸಿಕ್ಕಿಬಿದ್ದಿದ್ದಾನೆ, ಗೆಳೆಯರು ಹುಡುಕಿಕೊಂಡು ಹೊರಟಿದ್ದಾರೆ, ಅಷ್ಟರಲ್ಲಿ ಮುಂದುವರಿಯುವುದು ಎಂದು ಬರೆದು ದೀಪ ಹಾಕಿಬಿಟ್ಟರು.

ಕರೆಂಟು ಹೋಯಿತೇನೋ ಎಂದು ಹತ್ತು ನಿಮಿಷ ಕೂತೆ. ಗೇಟಿನಲ್ಲಿದ್ದವನನ್ನು, "ಉಳಿದದ್ದು?" ಎಂದು ಕೇಳಿದೆ. "ಬರುತ್ತದೆ ಸಾರ್" ಎಂದ. ಈ ಸಾಲು ಬರೆಯುವ ಹೊತ್ತಿಗೂ ಬಂದಿಲ್ಲ.

ಹಾಸ್ಯದ ವಿಷಯದಲ್ಲಾದರೂ ಮೋಸವಿರದು ಎಂದುಕೊಂಡು 2025ರ ಶ್ರಾವಣದಲ್ಲಿ 'ಸು ಫ್ರಮ್ ಸೋ' ನೋಡಲು ಷಡ್ಡಕರ ಜೊತೆ ಹೋದೆ. ಸುಲೋಚನಾ ಫ್ರಮ್ ಸೋಮೇಶ್ವರ ಎಂಬುದರ ಮೊಟಕು ಅದು. ಮೈಮೇಲೆ ಸುಲೋಚನೆಯ ದೆವ್ವ ಬಂದಿದೆ ಎಂದು ನಟಿಸಲು ಹೋಗಿ ಊರನ್ನೇ ಬುಡಮೇಲು ಮಾಡುವ ಹುಡುಗನ ಕಥೆ. ಕರಾವಳಿಯ ಕನ್ನಡ. ಷಡ್ಡಕರು ಬಂಟ್ವಾಳದವರು, ಪ್ರತಿ ಮಾತಿಗೂ ಎಲ್ಲರಿಗಿಂತ ಮೊದಲು ನಗುತ್ತಾರೆ. ನನಗೆ ಮಾತು ಅರ್ಥವಾಗುತ್ತದೆ, ಆದರೆ ಶಿರಾಡಿ ಘಾಟಿ ಹತ್ತಿ ಬರಬೇಕಲ್ಲ! ಮಳೆಗಾಲ ಬೇರೆ, ಎಲ್ಲೋ ಗುಡ್ಡ ಕುಸಿದಿರುತ್ತದೆ, ನಗು ಸಕಲೇಶಪುರ ಮುಟ್ಟುವಷ್ಟರಲ್ಲಿ ಪರದೆಯ ಮೇಲೆ ಮುಂದಿನ ಮಾತು ಬಂದಿರುತ್ತದೆ. ಹೀಗೆ ಬಾಕಿ ಉಳಿದಿದ್ದ ನಗುವೊಂದು ಕಥೆ ಗಂಭೀರವಾಗಿ ಎಲ್ಲರೂ ಉಸಿರು ಬಿಗಿಹಿಡಿದ ಹೊತ್ತಿನಲ್ಲಿ ಬಂದು ತಲುಪಿತು. ಹೋ ಎಂದು ನಕ್ಕುಬಿಟ್ಟೆ. ಮುಂದೆ ಕೂತಿದ್ದ ಹೆಂಗಸೊಬ್ಬರು ತಿರುಗಿ ನೋಡಿದ ನೋಟದಲ್ಲಿ ಸುಲೋಚನೆ ಇದ್ದಳು. ಷಡ್ಡಕರು ಆ ಸಿನಿಮಾವನ್ನು ಮತ್ತೆ ಎರಡು ಸಲ ನೋಡಿದ್ದಾರೆ, ನನ್ನನ್ನು ಕರೆಯದೆ.

ಅದಕ್ಕೆ ಎರಡು ವಾರ ಮುಂಚೆ ನಡೆದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ಅದು ಇನ್ನೂ ಮುಗಿದಿಲ್ಲ.

ಹಳೆಯ ಮನೆಯ ಪಕ್ಕಕ್ಕೆ ಎರಡು ಕೋಣೆ ಸೇರಿಸುತ್ತಿದ್ದೆವು. ಆಷಾಢದ ಮಳೆಗೆ ಹೊರಗಿನ ಗಾರೆ ಕೆಲಸ ನಿಂತು, ಮೇಸ್ತ್ರಿ ಬಿಡುವಾಗಿದ್ದರು. ಅವರ ಹತ್ತಿರ ಬೈಕು ಇತ್ತು, ಅಂದರೆ ಕೊನೆಯ ಬಸ್ಸಿನ ಹಂಗಿಲ್ಲ. ಟಿಕೆಟ್ ನನ್ನದು, ಪೆಟ್ರೋಲ್ ಅವರದು ಎಂಬ ಒಪ್ಪಂದದ ಮೇಲೆ ಹೊಸ 'ಸೂಪರ್‌ಮ್ಯಾನ್' ನೋಡಲು ಹೊರಟೆವು. 1938ರಲ್ಲಿ ಕಾಮಿಕ್ಸ್ ಪುಟದಲ್ಲಿ ಹುಟ್ಟಿದ ಈ ಮನುಷ್ಯ 2013ರ ಸಿನಿಮಾದಲ್ಲಿ ಪ್ಯಾಂಟಿನ ಮೇಲಿನ ಕೆಂಪು ಚಡ್ಡಿಯನ್ನು ಬಿಟ್ಟಿದ್ದ. ಈ ಸಲ ಮತ್ತೆ ಹಾಕಿಕೊಂಡು ಬಂದಿದ್ದಾನೆ. ನನಗಂತೂ ಹಳೆಯ ನೆಂಟ ಹಳೆಯ ಪಂಚೆಯಲ್ಲೇ ಬಂದಷ್ಟು ಸಂತೋಷವಾಯಿತು. ಜೊತೆಗೊಂದು ಬಿಳಿ ನಾಯಿ, ಅದಕ್ಕೂ ಕೆಂಪು ಹೊದಿಕೆ. ಆ ನಾಯಿಯೂ ಅವನದಲ್ಲವಂತೆ, ಚಿಕ್ಕಪ್ಪನ ಮಗಳು ನೋಡಿಕೋ ಎಂದು ಬಿಟ್ಟುಹೋದದ್ದು. ಲೋಕವನ್ನೇ ಎತ್ತಿ ಹಿಡಿಯುವವನಿಗೂ ನೆಂಟರ ನಾಯಿ ತಪ್ಪಿದ್ದಲ್ಲ. ಇಷ್ಟು ವರ್ಷಗಳಲ್ಲಿ ಕಾಮಿಕ್ಸ್ ಸಿನಿಮಾವೊಂದು ನನಗೆ ಪೂರ್ತಿ ಅರ್ಥವಾದದ್ದು ಇದೇ ಮೊದಲು.

ನಡುವೆ ಒಂದು ಮಹಾನಗರವೇ ಬಿರುಕು ಬಿಟ್ಟು ಎರಡಾಗುತ್ತದೆ. ಅದುವರೆಗೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ ಮೇಸ್ತ್ರಿ ನೆಟ್ಟಗೆ ಕೂತರು. "ಪಾಯ ಸರಿ ಇಲ್ಲ" ಎಂದರು.

ಕೊನೆಯಲ್ಲಿ ಹೆಸರುಗಳು ಶುರುವಾದವು. ಮೇಸ್ತ್ರಿ ಎದ್ದರು. ಈ ಸಲ ಅಂಗಿಯ ತುದಿ ಹಿಡಿದು ಎಳೆದವನು ನಾನು. ಬಸ್ಸಿನ ಭಯವಿಲ್ಲದೆ ಕೊನೆಯ ದೃಶ್ಯ ನೋಡುವ ಯೋಗ ಆರು ವರ್ಷದ ನಂತರ ಕೂಡಿಬಂದಿತ್ತು. ಕಾದೆವು. ದೃಶ್ಯ ಬಂತು. ಸೂಪರ್‌ಮ್ಯಾನ್ ಮತ್ತು ಅವನ ಜೊತೆಗಾರ ಮಿಸ್ಟರ್ ಟೆರಿಫಿಕ್ ಒಂದು ಕಟ್ಟಡದ ಮುಂದೆ ನಿಂತಿದ್ದಾರೆ. ಬಿರುಕು ಬಿಟ್ಟ ನಗರವನ್ನು ಮತ್ತೆ ಕೂಡಿಸಿದಾಗ ಆ ಕಟ್ಟಡದ ಎರಡು ಭಾಗ ಕೂದಲೆಳೆಯಷ್ಟು ಆಚೀಚೆಯಾಗಿದೆ. ಸೂಪರ್‌ಮ್ಯಾನ್ ಅದನ್ನು ಎತ್ತಿ ಆಡುತ್ತಾನೆ. ಟೆರಿಫಿಕ್ ಸಿಟ್ಟಿಗೆದ್ದು ಹೊರಟುಹೋಗುತ್ತಾನೆ. ಅಷ್ಟೇ ದೃಶ್ಯ.

ಮೇಸ್ತ್ರಿ ಕತ್ತಲಲ್ಲೇ ನನ್ನ ತೊಡೆಯ ಮೇಲೆ ಬಡಿದರು. "ನೋಡಿದಿರಾ ಸಾರ್! ನೋಡಿದಿರಾ!"

ಮನೆಗೆ ಹೋಗುವ ದಾರಿಯಲ್ಲಿ ಆನೆಗಳಿದ್ದವು. ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂದಿತ್ತು, ನಾವು ಥಿಯೇಟರಿನಲ್ಲಿ ನೋಡಿರಲಿಲ್ಲ. ತಿರುವಿನಲ್ಲಿ ಏಳೆಂಟು ಬೈಕು, ಒಂದು ಜೀಪು ದೀಪ ಆರಿಸಿ ನಿಂತಿದ್ದವು. ತೋಟದೊಳಗೆ ಬೈನೆ ಮರ ಮುರಿಯುವ ಸದ್ದು. ಜಡಿಮಳೆಯಲ್ಲಿ ಒಂದೂಕಾಲು ಗಂಟೆ ನಿಂತೆವು. ಯಾವ ಸಿನಿಮಾಕ್ಕೆ ಹೋಗಿದ್ದಿರಿ ಎಂದು ಯಾರೋ ಪಿಸುದನಿಯಲ್ಲಿ ಕೇಳಿದರು. ಮೇಸ್ತ್ರಿ ಅಷ್ಟೇ ಪಿಸುದನಿಯಲ್ಲಿ 129 ನಿಮಿಷದ ಸಿನಿಮಾವನ್ನು ಹೇಳಿ ಮುಗಿಸಿದರು: "ಒಬ್ಬ ಕಷ್ಟಪಟ್ಟು ಗೋಡೆ ಕಟ್ಟಿರುತ್ತಾನೆ. ಇನ್ನೊಬ್ಬ ಚಡ್ಡಿ ಹಾಕಿಕೊಂಡು ಬಂದು ಸೊಟ್ಟ ಇದೆ ಎನ್ನುತ್ತಾನೆ. ಕಟ್ಟಿದವನು ಮರ್ಯಾದಸ್ಥ, ಹೊರಟುಹೋಗುತ್ತಾನೆ. ಬಹಳ ಚೆನ್ನಾಗಿದೆ."

ಮೂರು ದಿನದ ನಂತರ ಹೊಸ ಕೋಣೆಯ ಬಾಗಿಲಿನ ಚೌಕಟ್ಟು ನಿಲ್ಲಿಸಿದರು. ದಾರಕ್ಕೆ ಕಟ್ಟಿದ ಗುಂಡನ್ನು ನಾನೇ ಇಳಿಬಿಟ್ಟು ನೋಡಿದೆ. ಎಡಗಡೆ ಅರ್ಧ ಬೆರಳು ವಾಲಿತ್ತು. "ಮೇಸ್ತ್ರಿಗಳೇ, ಇದು ಸ್ವಲ್ಪ..." ಎಂದೆ, ಅಷ್ಟೇ. ಅವರು ಕರಣೆಯನ್ನು ಬಾಂಡಲಿಗೆ ಹಾಕಿ, ಕೈ ತೊಳೆದುಕೊಂಡು, ನನ್ನತ್ತ ಒಂದು ಸಲ ನೋಡಿ ಬೈಕು ಹತ್ತಿದರು.

ವಾರವಾದರೂ ಬರಲಿಲ್ಲ. ಫೋನ್ ಮಾಡಿದರೆ, "ಅಷ್ಟು ದೊಡ್ಡ ಕಟ್ಟಡದವನೇ ತಡೆದುಕೊಳ್ಳಲಿಲ್ಲ, ನಾನು ಯಾವ ಲೆಕ್ಕ ಸಾರ್" ಎಂದರು. ಸೂಪರ್‌ಮ್ಯಾನ್ ಆಮೇಲೆ ಪಶ್ಚಾತ್ತಾಪಪಡುತ್ತಾನೆ ಎಂಬುದು ನೆನಪಿಗೆ ಬಂತು. ಎರಡು ಕಿಲೋ ಕಾಫಿ ಪುಡಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಬಂದರು, ಕೆಲಸ ಮುಗಿಸಿಕೊಟ್ಟರು. ಚೌಕಟ್ಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ, ಬಲಕ್ಕೆ ತಳ್ಳಿ, ಮೊಣಕಾಲು ಕೊಟ್ಟರೆ ಚಿಲಕ ಬೀಳುತ್ತದೆ.